ಆಂಟಿಬಯಾಟಿಕ್ ಬಳಕೆ ಮತ್ತು ಯೀಸ್ಟ್ ಸೋಂಕು: ರೈತ ಕುಟುಂಬ ತಿಳಿದಿರಬೇಕಾದ ಸಂಗತಿಗಳು



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ತಂಬಾಕಿನ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಶುಂಠಿಯ ಹಣ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯ ದಿನನಿತ್ಯದ ಖರ್ಚಿಗೆ ಒದಗುವುದು ಡೈರಿಗೆ ಹಾಕಿದ ಹಾಲಿನ ಹಣವೇ. ಆದುದರಿಂದ ಕರೆಯುವ ಹಸುವಿಗೆ ಕೆಚ್ಚಲು ಬಾವು ಬಂದಿತೆಂದರೆ ಮನೆಮಂದಿಗೆಲ್ಲ ಆತಂಕವಾಗುವುದು ಸಹಜ. ಆ ಆತಂಕದಲ್ಲಿ ನಾವು ಮಾಡುವ ಒಂದು ತಪ್ಪಿನ ಬಗ್ಗೆ ಈ ಪಾಠ.

ಹುಣಸೂರು ತಾಲ್ಲೂಕಿನ ರೈತರ ತರಬೇತಿಯೊಂದರಲ್ಲಿ ನಾನು ರಾಗಿಯಲ್ಲಿ ಕಳೆ ಹತೋಟಿಯ ವಿಷಯ ಹೇಳುತ್ತಿದ್ದೆ. ಪಾಠ ಮುಗಿದ ಮೇಲೆ ರೈತರೊಬ್ಬರು ಎದ್ದು ಬೇರೆಯೇ ಪ್ರಶ್ನೆ ಕೇಳಿದರು. "ಸಾರ್, ನಮ್ಮ ಹಸೀಗೆ ಕೆಚ್ಚಲು ಬಾವು. ಅಂಗಡಿಯಿಂದ ಟ್ಯೂಬ್ ತಂದು ಮೊಲೆಗೆ ಏರಿಸಿದೆ. ಮೂರು ದಿನಕ್ಕೆ ಕಮ್ಮಿ ಆದಂಗಾಯ್ತು. ಆಮೇಲೆ ತಿರುಗಾ ಊದಿಕೊಂತು. ಬೇರೆ ಟ್ಯೂಬ್ ತಂದೆ, ಇನ್ನೂ ಜಾಸ್ತಿ ಆಯ್ತು. ಇದಕ್ಕಿಂತ ಪವರ್ ಇರೋದು ಯಾವ್ದಾದ್ರೂ ಇದ್ರೆ ಬರೆದುಕೊಡಿ."

ನಾನು ಬೇಸಾಯಶಾಸ್ತ್ರ ಓದಿದವನು, ಪಶುವೈದ್ಯನಲ್ಲ. ಜೊತೆಗಿದ್ದ ಪಶುವೈದ್ಯ ಮಿತ್ರರು ಹೊಸ ಔಷಧ ಬರೆದುಕೊಡಲಿಲ್ಲ. ಹಾಲಿನ ಮಾದರಿಯನ್ನು ಶುದ್ಧವಾದ ಸೀಸೆಯಲ್ಲಿ ತರಿಸಿ ಪ್ರಯೋಗಶಾಲೆಗೆ ಕಳುಹಿಸಿದರು. ಅದರಲ್ಲಿ ಕಂಡುಬಂದದ್ದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಟ್ಯೂಬಿನಲ್ಲಿದ್ದ ಆಂಟಿಬಯಾಟಿಕ್ಕಿಗೆ ಪವರ್ ಕಡಿಮೆಯಾಗಿರಲಿಲ್ಲ. ಅದು ಕೊಲ್ಲಬಲ್ಲ ಶತ್ರುವೇ ಅಲ್ಲಿರಲಿಲ್ಲ. ಮೊದಲ ಬಾವಿಗೆ ಬ್ಯಾಕ್ಟೀರಿಯಾ ಕಾರಣವಾಗಿದ್ದಿರಬಹುದು. ಎರಡನೆಯ ಬಾವು ಚಿಕಿತ್ಸೆಯ ಜೊತೆಯಲ್ಲೇ ಒಳಗೆ ಹೋದದ್ದು. ಅಷ್ಟರಲ್ಲಿ ಒಂದು ಮೊಲೆಯ ಹಾಲು ಬತ್ತಿಹೋಗಿತ್ತು. ಉಳಿದ ಮೂರು ಮೊಲೆಗಳ ಹಾಲನ್ನೂ ಎಷ್ಟೋ ದಿನ ಚೆಲ್ಲಬೇಕಾಯಿತು.

ಈ ಒಂದು ಸಂಗತಿಯನ್ನು ಚೆನ್ನಾಗಿ ಅರಿತರೆ ಹಸುವಿನ ಕೆಚ್ಚಲನ್ನೂ ಉಳಿಸಬಹುದು, ಮನೆಯವರ ಆರೋಗ್ಯವನ್ನೂ ಕಾಪಾಡಬಹುದು.

ಯೀಸ್ಟ್ ಎಂದರೇನು?

ಯೀಸ್ಟ್ ಒಂದು ಬಗೆಯ ಶಿಲೀಂಧ್ರ. ಹಳೆಯ ರೊಟ್ಟಿಯ ಮೇಲೆ ಬರುವ ಬೂಷ್ಟು, ಗೊಬ್ಬರದ ಗುಂಡಿಯ ಮೇಲೆ ಏಳುವ ಅಣಬೆ, ಇವೆಲ್ಲ ಶಿಲೀಂಧ್ರಗಳೇ. ಬೂಷ್ಟು ದಾರದಂತೆ ಹಬ್ಬುತ್ತದೆ. ಯೀಸ್ಟ್ ಹಾಗಲ್ಲ, ಒಂದೊಂದು ಕಣವೂ ಬಿಡಿಬಿಡಿಯಾಗಿ ಬದುಕುತ್ತದೆ. ತಾಯಿ ಕಣದ ಮೈಮೇಲೆ ಸಣ್ಣ ಮೊಗ್ಗು ಮೂಡಿ, ಬೆಳೆದು, ಕಳಚಿಕೊಂಡು ಹೊಸ ಕಣವಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಬ್ಯಾಕ್ಟೀರಿಯಾಕ್ಕಿಂತ ಹಲವು ಪಟ್ಟು ದೊಡ್ಡದು.

ಎಲ್ಲ ಯೀಸ್ಟುಗಳೂ ಕೆಟ್ಟವಲ್ಲ. ಬ್ರೆಡ್ ಉಬ್ಬುವುದು, ಹೆಂಡ ಹುಳಿಯುವುದು ಯೀಸ್ಟಿನಿಂದಲೇ. ಆದರೆ ಕ್ಯಾಂಡಿಡಾ ಎಂಬ ಗುಂಪಿನ ಯೀಸ್ಟುಗಳು ಮನುಷ್ಯರ ಬಾಯಿ, ಕರುಳು, ಚರ್ಮ ಹಾಗೂ ಹೆಂಗಸರ ಜನನಾಂಗದಲ್ಲಿ ಅಲ್ಪ ಸಂಖ್ಯೆಯಲ್ಲಿ ಸದಾ ಇರುತ್ತವೆ. ಕೊಟ್ಟಿಗೆಯಲ್ಲಿ ಗಂಜಲದ ನೆಲ, ಕೊಳೆತ ಮೇವು, ಸಗಣಿ, ಕೆಚ್ಚಲಿನ ಚರ್ಮ, ಕರೆಯುವವರ ಕೈ, ಎಲ್ಲೆಡೆಯೂ ಯೀಸ್ಟ್ ಇದ್ದೇ ಇರುತ್ತದೆ. ಸಂಖ್ಯೆ ಕಡಿಮೆ ಇರುವವರೆಗೆ ಅವು ತೊಂದರೆ ಮಾಡುವುದಿಲ್ಲ. ಅವುಗಳನ್ನು ಕಡಿಮೆಯಾಗಿ ಇರಿಸುವವರಲ್ಲಿ ಮುಖ್ಯರು ಯಾರು? ನೆರೆಯಲ್ಲೇ ವಾಸವಾಗಿರುವ ಬ್ಯಾಕ್ಟೀರಿಯಾಗಳು.

ಆಂಟಿಬಯಾಟಿಕ್ ಯೀಸ್ಟನ್ನು ಏಕೆ ಕೊಲ್ಲುವುದಿಲ್ಲ?

ಆಂಟಿಬಯಾಟಿಕ್ ಅಥವಾ ಪ್ರತಿಜೀವಕ ಎಂದು ನಾವು ಸಾಮಾನ್ಯವಾಗಿ ಕರೆಯುವುದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳನ್ನು. 1928ರಲ್ಲಿ ಪತ್ತೆಯಾದ ಪೆನಿಸಿಲಿನ್ ಒಂದು ಬೂಷ್ಟಿನಿಂದ ಬಂದದ್ದು. 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೋಮೈಸಿನ್, ಸ್ಟ್ರೆಪ್ಟೋಮೈಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಮೊದಲ ಮಳೆ ಬಿದ್ದಾಗ ನಮ್ಮ ಕೆಂಪು ಹೊಲಗಳಿಂದ ಏಳುವ ಮಣ್ಣಿನ ವಾಸನೆ ಇದೆಯಲ್ಲ, ಅದಕ್ಕೆ ಮುಖ್ಯ ಕಾರಣವೂ ಈ ಗುಂಪಿನ ಜೀವಿಗಳೇ.

ಈ ಔಷಧಗಳು ಬ್ಯಾಕ್ಟೀರಿಯಾದಲ್ಲಿ ಮಾತ್ರ ಇರುವ ಭಾಗಗಳಿಗೆ ಪೆಟ್ಟು ಕೊಡುತ್ತವೆ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ. ಯೀಸ್ಟಿಗೂ ಗೋಡೆ ಇದೆ, ಆದರೆ ಅದನ್ನು ಕಟ್ಟಿರುವ ಸಾಮಗ್ರಿಯೇ ಬೇರೆ. ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾ ತನ್ನೊಳಗೆ ಪ್ರೋಟೀನು ತಯಾರಿಸುವ ಯಂತ್ರಕ್ಕೆ ಅಡ್ಡಿ ಮಾಡುತ್ತವೆ. ಯೀಸ್ಟಿನ ಯಂತ್ರದ ರಚನೆ ನಮ್ಮ ದೇಹದ ಜೀವಕೋಶದ್ದಕ್ಕೆ ಹತ್ತಿರವಾದದ್ದು. ಹೀಗಾಗಿ ಎಷ್ಟೇ ದುಬಾರಿಯ ಆಂಟಿಬಯಾಟಿಕ್ ಕೊಟ್ಟರೂ ಯೀಸ್ಟ್ ಸಾಯುವುದಿಲ್ಲ. ಒಂದು ಬೀಗದ ಕೈಯಿಂದ ಇನ್ನೊಂದು ಬೀಗ ತೆರೆಯದು. ಕೈ ಬೆಳ್ಳಿಯದಾದರೂ ಅಷ್ಟೆ.

ಕಳೆನಾಶಕದ ಉದಾಹರಣೆ

ರೈತರಾದ ನಿಮಗೆ ಇದು ಹೊಲದ ಉದಾಹರಣೆಯಿಂದ ಸುಲಭವಾಗಿ ತಿಳಿಯುತ್ತದೆ. ಕೃಷ್ಣರಾಜನಗರದ ಚಾಮರಾಜ ನಾಲೆಗಳ ಬಯಲಿನಲ್ಲಿ ಭತ್ತ ಬೆಳೆಯುವವರು 2,4-ಡಿ ಕಳೆನಾಶಕವನ್ನು ಬಲ್ಲರು. ಅದು ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ. ಹುಲ್ಲು ಜಾತಿಯ ಕಳೆಗಳನ್ನು ಕೊಲ್ಲುವುದಿಲ್ಲ. ಅದೊಂದನ್ನೇ ವರ್ಷ ವರ್ಷ ಸಿಂಪಡಿಸುತ್ತ ಹೋದರೆ ಏನಾಗುತ್ತದೆ? ಅಗಲ ಎಲೆಯ ಕಳೆ ಹೋದ ಜಾಗದಲ್ಲಿ ಬೆಳಕು, ನೀರು, ಗೊಬ್ಬರ ಎಲ್ಲವೂ ಹುಲ್ಲಿಗೆ ಸಿಗುತ್ತವೆ. ಮೊದಲು ಅಲ್ಲೊಂದು ಇಲ್ಲೊಂದು ಇದ್ದ ಹುಲ್ಲು ಗದ್ದೆ ತುಂಬ ಹಬ್ಬುತ್ತದೆ. ಆಗ 2,4-ಡಿಯ ಪ್ರಮಾಣ ಹೆಚ್ಚಿಸಿದರೆ ಹುಲ್ಲಿಗೆ ಏನೂ ಆಗುವುದಿಲ್ಲ, ಕೆಡುವುದು ಪೈರು.

ಆಂಟಿಬಯಾಟಿಕ್ಕಿನಲ್ಲಿ ಆಗುವುದೂ ಇದೇ. ಅದು ರೋಗದ ಬ್ಯಾಕ್ಟೀರಿಯಾದ ಜೊತೆಗೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಖಾಲಿಯಾದ ಜಾಗವನ್ನೂ ಆಹಾರವನ್ನೂ ಯೀಸ್ಟ್ ಪಡೆಯುತ್ತದೆ. ಪೈರು ದಟ್ಟವಾಗಿದ್ದರೆ ಕಳೆ ಏಳದು. ಪೈರು ಸತ್ತಲ್ಲಿ ಕಳೆಯದೇ ರಾಜ್ಯ.

ಒಳ್ಳೆಯ ಬ್ಯಾಕ್ಟೀರಿಯಾ ಸಾಯುವುದನ್ನು ನಿಮ್ಮ ಅಡುಗೆಮನೆಯಲ್ಲೇ ಕಾಣಬಹುದು. ಟ್ಯೂಬ್ ಹಾಕಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಅನೇಕ ವೇಳೆ ಮೊಸರಾಗುವುದಿಲ್ಲ. ಹಾಲಿನಲ್ಲಿ ಉಳಿದ ಔಷಧವು ಹೆಪ್ಪಿನಲ್ಲಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನು ಕೊಂದಿರುತ್ತದೆ. ಅದೇ ಬಳಗದ ಬ್ಯಾಕ್ಟೀರಿಯಾಗಳು ನಮ್ಮ ದೇಹದಲ್ಲೂ ಕಾವಲುಗಾರರಂತೆ ಇರುತ್ತವೆ ಎಂಬುದನ್ನು ನೆನಪಿಡಿ.

ಕೆಚ್ಚಲಿಗೆ ಯೀಸ್ಟ್ ಹೇಗೆ ಬರುತ್ತದೆ?

ಕೆಚ್ಚಲು ಬಾವಿಗೆ ಹೆಚ್ಚಾಗಿ ಕಾರಣವಾಗುವವು ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್, ಇ. ಕೋಲೈ ಮೊದಲಾದ ಬ್ಯಾಕ್ಟೀರಿಯಾಗಳು. ಯೀಸ್ಟಿನಿಂದ ಬರುವ ಬಾವು ಇವುಗಳಿಗಿಂತ ವಿರಳ. ಆದರೆ ಅದು ಬರುವ ಸಂದರ್ಭ ಬಹುತೇಕ ಒಂದೇ: ಮೊಲೆಯೊಳಗೆ ಆಂಟಿಬಯಾಟಿಕ್ ಏರಿಸಿದ ನಂತರ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ನಾವೇ ಅದನ್ನು ಒಳಗೆ ಕಳುಹಿಸುತ್ತೇವೆ. ಮೊಲೆತುದಿಯ ರಂಧ್ರ ಕೆಚ್ಚಲಿನ ಬಾಗಿಲು. ಮೊಲೆಯನ್ನು ಶುದ್ಧ ಮಾಡದೆ ಟ್ಯೂಬಿನ ಮೂತಿಯನ್ನು ತೂರಿದರೆ ತುದಿಯಲ್ಲಿದ್ದ ಕೊಳೆ ಔಷಧದ ಜೊತೆಗೇ ಒಳಗೆ ಹೋಗುತ್ತದೆ. ಒಂದೇ ಟ್ಯೂಬನ್ನು ಎರಡು ಮೊಲೆಗೆ ಹಂಚುವುದು, ಇಂಜೆಕ್ಷನ್ ಸೀಸೆಗೆ ಪದೇ ಪದೇ ಸೂಜಿ ಚುಚ್ಚಿ ಔಷಧ ಎಳೆದು ಮೊಲೆಗೆ ಬಿಡುವುದು, ಪುಡಿ ಔಷಧವನ್ನು ಮನೆಯ ನೀರಿನಲ್ಲಿ ಕಲಸಿ ಏರಿಸುವುದು, ಇವೆಲ್ಲ ಯೀಸ್ಟಿಗೆ ಬಾಗಿಲು ತೆರೆದಂತೆಯೇ ಸರಿ.

ಎರಡನೆಯದು, ಒಳಗೆ ಹೋದ ಯೀಸ್ಟಿಗೆ ಅಲ್ಲಿ ಎದುರಾಳಿಗಳೇ ಇರುವುದಿಲ್ಲ. ಬ್ಯಾಕ್ಟೀರಿಯಾಗಳನ್ನು ಔಷಧ ಅಡಗಿಸಿದೆ. ಹಾಲಿನಲ್ಲಿ ಸಕ್ಕರೆ ಇದೆ, ಪ್ರೋಟೀನು ಇದೆ, ಬೆಚ್ಚನೆಯ ಶಾಖವಿದೆ. ಟ್ಯೂಬಿನ ಮೇಲೆ ಟ್ಯೂಬ್ ಹಾಕಿದಷ್ಟೂ ಯೀಸ್ಟಿಗೆ ಅನುಕೂಲವೇ.

ಕೋಳಿ ಸಾಕುವವರೂ ಇದನ್ನು ಗಮನಿಸಬೇಕು. ನೀರಿಗೆ ದೀರ್ಘಕಾಲ ಆಂಟಿಬಯಾಟಿಕ್ ಬೆರೆಸಿ ಕೊಟ್ಟಾಗ ಕೋಳಿಗಳ ಗಂಟಲ ಚೀಲದ ಒಳಪದರದಲ್ಲಿ ಕ್ಯಾಂಡಿಡಾ ಬೆಳೆದು ಬಿಳಿಯ ಪೊರೆ ಕಟ್ಟುತ್ತದೆ. ಕೋಳಿ ಮೇವು ಬಿಟ್ಟು ಸೊರಗುತ್ತದೆ.

ಸಂಶಯಪಡಬೇಕಾದ ಲಕ್ಷಣಗಳು

ಕಣ್ಣಿನಿಂದ ನೋಡಿ ಇದು ಯೀಸ್ಟ್ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಕೆಳಗಿನ ಲಕ್ಷಣಗಳು ಕಂಡರೆ ಸಂಶಯಪಡಬೇಕು.

1. ಆಂಟಿಬಯಾಟಿಕ್ ಏರಿಸಿದ ಮೇಲೆ ಒಂದೆರಡು ದಿನ ಗುಣ ಕಂಡು ಮತ್ತೆ ಬಾವು ಹೆಚ್ಚುವುದು.

2. ಔಷಧ ಬದಲಾಯಿಸಿದರೂ ಊತ ಇಳಿಯದಿರುವುದು, ಕೆಚ್ಚಲು ಗಟ್ಟಿಯಾಗುವುದು.

3. ಜ್ವರ ಇದ್ದರೂ ಹಸು ಸಾಕಷ್ಟು ಮೇವು ತಿನ್ನುತ್ತಿರುವುದು.

4. ಹಾಲು ಬಹಳ ಕಡಿಮೆಯಾಗಿ, ಅದರಲ್ಲಿ ಒಡೆದ ಹಾಲಿನಂತಹ ಚೂರುಗಳು ಬರುವುದು.

ಇವು ಕಂಡಾಗ ಮಾಡಬೇಕಾದ ಕೆಲಸ ಹಾಲಿನ ಪರೀಕ್ಷೆ. ಕೈ ತೊಳೆದು, ಮೊಲೆಯನ್ನು ತೊಳೆದು ಒರೆಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಶುಚಿ ಮಾಡಿ. ಮೊದಲ ಮೂರು ನಾಲ್ಕು ಧಾರೆಗಳನ್ನು ಬೇರೆ ಪಾತ್ರೆಗೆ ಬಿಡಿ. ನಂತರದ ಹಾಲನ್ನು ಕುದಿಸಿ ಆರಿಸಿದ ಅಥವಾ ಆಸ್ಪತ್ರೆಯವರು ಕೊಟ್ಟ ಸೀಸೆಗೆ, ಅಂಚಿಗೆ ಕೈ ತಾಗದಂತೆ ಹಿಡಿಯಿರಿ. ಮಂಜುಗಡ್ಡೆಯ ಜೊತೆ ಇಟ್ಟು ಅಂದೇ ಪಶು ಆಸ್ಪತ್ರೆಗೆ ತಲುಪಿಸಿ. ಯಾವ ಮೊಲೆಯ ಹಾಲು, ಯಾವ ಯಾವ ಔಷಧ ಕೊಟ್ಟಾಗಿದೆ ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಎಲ್ಲಕ್ಕಿಂತ ಉತ್ತಮವೆಂದರೆ ಮೊದಲ ಟ್ಯೂಬ್ ಹಾಕುವ ಮುಂಚೆಯೇ ಮಾದರಿ ತೆಗೆದಿಡುವುದು.

ಚಿಕಿತ್ಸೆ

ಯೀಸ್ಟ್ ಎಂದು ಖಚಿತವಾದರೆ ಪಶುವೈದ್ಯರು ಹೇಳುವ ಮೊದಲ ಮಾತು: ಆಂಟಿಬಯಾಟಿಕ್ ನಿಲ್ಲಿಸಿ. ಇದನ್ನು ಕೇಳಿ ರೈತರಿಗೆ ನಂಬಿಕೆ ಬರುವುದಿಲ್ಲ. ರೋಗ ಇರುವಾಗ ಔಷಧ ನಿಲ್ಲಿಸುವುದೇ ಎಂದು ಕೇಳುತ್ತಾರೆ. ಆದರೆ ಇಲ್ಲಿ ಔಷಧವೇ ರೋಗಕ್ಕೆ ಗೊಬ್ಬರವಾಗಿದೆ.

ಎರಡನೆಯದು, ಬಾವು ಬಂದ ಮೊಲೆಯ ಹಾಲನ್ನು ದಿನಕ್ಕೆ ಹಲವು ಬಾರಿ ಪೂರ್ತಿಯಾಗಿ ಹಿಂಡಿ ತೆಗೆಯುವುದು. ಹಿಂಡಿದಷ್ಟೂ ಯೀಸ್ಟ್ ಹೊರಗೆ ಬರುತ್ತದೆ. ಈ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಬಿಡಬೇಡಿ. ಪಾತ್ರೆಯಲ್ಲಿ ಹಿಡಿದು ದೂರ ಗುಂಡಿಗೆ ಸುರಿಯಿರಿ. ಕರುವಿಗೂ ಕುಡಿಸಬೇಡಿ. ರೋಗದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆದು ಕೈ ತೊಳೆಯಿರಿ. ಜ್ವರ ಮತ್ತು ನೋವಿಗೆ ವೈದ್ಯರು ಬೇರೆ ಔಷಧ ಕೊಡುತ್ತಾರೆ. ಹೀಗೆ ಮಾಡಿದರೆ ಬಹಳಷ್ಟು ಹಸುಗಳು ಕೆಲವು ವಾರಗಳಲ್ಲಿ ತಾವಾಗಿ ಗುಣವಾಗುತ್ತವೆ. ಕೆಲವು ಹಸುಗಳಲ್ಲಿ ಮೊಲೆ ಬತ್ತಿಹೋಗುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪಾಠ ಓದಿ ಆಂಟಿಬಯಾಟಿಕ್ಕೇ ಬೇಡವೆನ್ನಬೇಡಿ. ಬ್ಯಾಕ್ಟೀರಿಯಾದಿಂದ ಬಂದ ತೀವ್ರ ಬಾವಿನಲ್ಲಿ ಹಸು ಮೇವು ಬಿಟ್ಟು ಮಲಗಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ. ಆಗ ಸರಿಯಾದ ಆಂಟಿಬಯಾಟಿಕ್ಕೇ ರಕ್ಷೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೂಡಲೇ ವೈದ್ಯರನ್ನು ಕರೆಸಿಕೊಳ್ಳಿ. ಬೇಡವೆನ್ನುವುದು ರೋಗ ತಿಳಿಯದೆ, ಅಂಗಡಿಯವರ ಮಾತಿನ ಮೇಲೆ, ಒಂದರ ಮೇಲೊಂದು ಏರಿಸುವುದನ್ನು.

ಬಾರದಂತೆ ತಡೆಯುವ ಕ್ರಮಗಳು

1. ಪ್ರತಿ ಸಲ ಕರೆಯುವ ಮುನ್ನ ಮೊದಲ ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಬಿಟ್ಟು ಚೂರುಗಳಿವೆಯೇ ನೋಡಿ. ರೋಗ ಬೇಗ ತಿಳಿದಷ್ಟೂ ಔಷಧದ ಖರ್ಚು ಕಡಿಮೆ.

2. ಕೆಚ್ಚಲನ್ನು ತೊಳೆದ ಮೇಲೆ ಒಣಗಿದ ಶುಭ್ರ ಬಟ್ಟೆಯಿಂದ ಒರೆಸಿ. ಒದ್ದೆ ಕೆಚ್ಚಲನ್ನು ಕರೆಯಬೇಡಿ. ಹಸುವಿಗೊಂದು ಬಟ್ಟೆ ಇರಲಿ.

3. ಕರೆದ ನಂತರ ಪ್ರತಿ ಮೊಲೆಯ ತುದಿಯನ್ನು ಪೋವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ.

4. ಕರೆದ ಮೇಲೆ ಮೊಲೆಯ ರಂಧ್ರ ಮುಚ್ಚಲು ಅರ್ಧ ಗಂಟೆ ಬೇಕಾಗುತ್ತದೆ. ಅಷ್ಟು ಹೊತ್ತು ಹಸು ಮಲಗದಂತೆ ಮುಂದೆ ಮೇವು ಹಾಕಿ.

5. ಟ್ಯೂಬ್ ಹಾಕಲೇಬೇಕಾದಾಗ ಮೊದಲು ಕೆಚ್ಚಲನ್ನು ಪೂರ್ತಿ ಹಿಂಡಿ ಬರಿದು ಮಾಡಿ. ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಿಂದ, ಹತ್ತಿ ಬೆಳ್ಳಗೆ ಬರುವವರೆಗೆ ಒರೆಸಿ. ಒಂದು ಮೊಲೆಗೆ ಒಂದೇ ಟ್ಯೂಬ್. ಮೂತಿಯನ್ನು ಪೂರ್ತಿ ತೂರದೆ ತುದಿಯಷ್ಟನ್ನೇ ಒಳಗೆ ಸೇರಿಸಿ.

6. ವೈದ್ಯರು ಹೇಳಿದಷ್ಟು ದಿನ ಹಾಕಿ. ಮಧ್ಯದಲ್ಲಿ ಬಿಡುವುದೂ ತಪ್ಪು, ನಿಮ್ಮಷ್ಟಕ್ಕೆ ಮುಂದುವರಿಸುವುದೂ ತಪ್ಪು.

7. ಔಷಧದ ಪೊಟ್ಟಣದ ಮೇಲೆ ಹಾಲನ್ನು ಎಷ್ಟು ದಿನ ಬಳಸಬಾರದು ಎಂದು ಅಚ್ಚಾಗಿರುತ್ತದೆ. ಅಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು, ಮನೆಗೂ ಬಳಸಬಾರದು. ಹಾಗೆ ಅಚ್ಚಾಗಿಲ್ಲದಿದ್ದಲ್ಲಿ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ ಬಿಡಬೇಕು. ಒಂದು ಮೊಲೆಗೆ ಮಾತ್ರ ಟ್ಯೂಬ್ ಹಾಕಿದ್ದರೂ ನಾಲ್ಕೂ ಮೊಲೆಗಳ ಹಾಲಿಗೆ ಇದು ಅನ್ವಯಿಸುತ್ತದೆ. ಕಾಯಿಸಿದರೆ ಔಷಧದ ಅಂಶ ಹೋಗುತ್ತದೆಂಬ ನಂಬಿಕೆ ಸರಿಯಲ್ಲ.

ಮನೆಯವರಲ್ಲಿ ಯೀಸ್ಟ್ ಸೋಂಕು

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಗೃಹವಿಜ್ಞಾನ ವಿಭಾಗದ ಸಹೋದ್ಯೋಗಿಯೊಬ್ಬರು ಮಹಿಳಾ ಸಂಘದ ಸಭೆಯಲ್ಲಿ ಹಸುವಿನ ಈ ವಿಷಯವನ್ನೇ ಹೇಳುತ್ತಿದ್ದರು. ಸಭೆ ಮುಗಿದ ಮೇಲೆ ಒಬ್ಬ ಗೃಹಿಣಿ ಅವರನ್ನು ಪಕ್ಕಕ್ಕೆ ಕರೆದು, "ಅಕ್ಕಾ, ನೀವು ಹಸೂಗೆ ಹೇಳಿದ್ದು ನನಗೂ ಆಗಿರಬಹುದಾ?" ಎಂದು ಕೇಳಿದರಂತೆ. ಗಂಟಲು ನೋವಿಗೆ ಯಜಮಾನರು ಅಂಗಡಿಯಿಂದ ಮಾತ್ರೆ ತಂದುಕೊಟ್ಟಿದ್ದರು. ಗಂಟಲು ವಾಸಿಯಾಯಿತು. ವಾರದೊಳಗೆ ಜನನಾಂಗದಲ್ಲಿ ತಡೆಯಲಾರದ ತುರಿಕೆ, ಉರಿ. ಉಷ್ಣವಾಗಿದೆ ಎಂದು ಎಳನೀರು ಕುಡಿದರು, ಮೆಂತ್ಯ ನೆನೆಸಿ ತಿಂದರು. ಕೊನೆಗೆ ಅದೇ ಅಂಗಡಿಯಿಂದ ಅದೇ ಮಾತ್ರೆ ಮತ್ತೊಮ್ಮೆ ತರಿಸಿದರು, ಇನ್ನೂ ಹೆಚ್ಚಾಯಿತು. ಒಂದು ತಿಂಗಳು ಯಾರಿಗೂ ಹೇಳದೆ, ದಿನವೂ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ವೈದ್ಯೆ ಪರೀಕ್ಷಿಸಿ ಯೀಸ್ಟ್ ಸೋಂಕೆಂದು ತಿಳಿಸಿ ಔಷಧ ಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ಗುಣವಾಯಿತು.

ಹಸುವಿನ ಕಥೆಗೂ ಇದಕ್ಕೂ ವ್ಯತ್ಯಾಸವಿಷ್ಟೆ: ಹಸುವಿನ ಬಾವು ಎಲ್ಲರಿಗೂ ಕಂಡಿತು, ಗೃಹಿಣಿಯ ಸಂಕಟ ಯಾರಿಗೂ ಕಾಣಲಿಲ್ಲ.

ಇದು ನಾಚಿಕೆಪಡಬೇಕಾದ ಕಾಯಿಲೆಯಲ್ಲ. ನಾಲ್ವರು ಹೆಂಗಸರಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಜನನಾಂಗದಲ್ಲಿ ವಾಸಿಸುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಜಾಗವನ್ನು ಆಕ್ರಮಿಸಿಕೊಂಡು, ಹುಳಿ ಅಂಶವನ್ನು ಉತ್ಪಾದಿಸಿ ಬೇರೆ ಜೀವಿಗಳು ಹೆಚ್ಚದಂತೆ ನೋಡಿಕೊಳ್ಳುತ್ತವೆ. ಆಂಟಿಬಯಾಟಿಕ್ ನುಂಗಿದಾಗ ಅವು ಕಡಿಮೆಯಾಗಿ ಕ್ಯಾಂಡಿಡಾ ಬೆಳೆಯುತ್ತದೆ. ಒಡೆದ ಹಾಲಿನಂತೆ ಗಟ್ಟಿಯಾದ, ಹೆಚ್ಚು ವಾಸನೆಯಿಲ್ಲದ ಬಿಳಿ ಸ್ರಾವ, ತುರಿಕೆ, ಮೂತ್ರ ಮಾಡುವಾಗ ಉರಿ ಇದರ ಲಕ್ಷಣಗಳು. ಬಿಳಿ ಸೆರಗೆಲ್ಲವೂ ಯೀಸ್ಟ್ ಅಲ್ಲ; ಬೇರೆ ಸೋಂಕುಗಳೂ ಇವೆ, ಅಲ್ಪ ಸ್ರಾವ ಸಹಜವೂ ಹೌದು. ಆದುದರಿಂದ ಪರೀಕ್ಷೆ ಬೇಕು. ಗರ್ಭಿಣಿಯರು ತಾವೇ ಔಷಧ ತೆಗೆದುಕೊಳ್ಳಲೇಬಾರದು.

ಮಕ್ಕಳಿಗೆ ಆಂಟಿಬಯಾಟಿಕ್ ಸಿರಪ್ ಕೊಟ್ಟ ನಂತರ ನಾಲಿಗೆ ಮತ್ತು ಕೆನ್ನೆಯ ಒಳಭಾಗದಲ್ಲಿ ಕೆನೆಯಂತಹ ಬಿಳಿ ಪೊರೆ ಕಾಣಬಹುದು. ಹಾಲಿನ ಕೆನೆಯಾದರೆ ಒರೆಸಿದೊಡನೆ ಹೋಗುತ್ತದೆ. ಯೀಸ್ಟಿನ ಪೊರೆ ಸುಲಭವಾಗಿ ಬಾರದು, ಬಲವಂತವಾಗಿ ತೆಗೆದರೆ ಕೆಳಗೆ ಕೆಂಪಾಗಿರುತ್ತದೆ. ಸಕ್ಕರೆ ಕಾಯಿಲೆ ಇರುವ ಗಂಡಸರಿಗೂ ಹೆಂಗಸರಿಗೂ ಯೀಸ್ಟ್ ಸೋಂಕಿನ ಸಾಧ್ಯತೆ ಹೆಚ್ಚು. ಪದೇ ಪದೇ ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ತಂಬಾಕು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕೆಮ್ಮು, ನೆಗಡಿ ಬಂದಾಗ ಅಂಗಡಿಯಿಂದ ನಾಲ್ಕು ಮಾತ್ರೆ ತರಿಸಿ ನುಂಗುವ ರೂಢಿ ನಮ್ಮಲ್ಲಿದೆ. ನೆಗಡಿ ವೈರಸ್ಸಿನಿಂದ ಬರುವಂಥದ್ದು. ಅದಕ್ಕೆ ಆಂಟಿಬಯಾಟಿಕ್ ಉಪಯೋಗವಿಲ್ಲ. ಸಾಯುವುವು ಒಳ್ಳೆಯ ಬ್ಯಾಕ್ಟೀರಿಯಾಗಳು ಮಾತ್ರ. ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ ಸೇವಿಸುವಾಗ ತುರಿಕೆ ಬಂದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸದೆ ಅವರಿಗೆ ತಿಳಿಸಿ. ಮೊಸರು ಮಜ್ಜಿಗೆ ಒಳ್ಳೆಯ ಆಹಾರ, ಧಾರಾಳವಾಗಿ ಸೇವಿಸಿ. ಆದರೆ ಅದು ಯೀಸ್ಟ್ ಸೋಂಕಿಗೆ ಔಷಧವಲ್ಲ.

ಯೀಸ್ಟನ್ನು ಕೊಲ್ಲುವ ಔಷಧ ಬಂದ ಬಗೆ

ಆಂಟಿಬಯಾಟಿಕ್ಕುಗಳ ಬಳಕೆ ಹೆಚ್ಚಿದಂತೆ ಯೀಸ್ಟ್ ಸೋಂಕೂ ಹೆಚ್ಚುವುದನ್ನು ವೈದ್ಯರು ಗಮನಿಸಿದರು. ಅಮೆರಿಕೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಹೈನುಗಾರಿಕೆಯ ಜಮೀನೊಂದರ ಮಣ್ಣಿನಿಂದ ಪ್ರತ್ಯೇಕಿಸಿದ ಸ್ಟ್ರೆಪ್ಟೋಮೈಸಿಸ್‌ನಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಪಡೆದು 1950ರಲ್ಲಿ ಪ್ರಕಟಿಸಿದರು.

ನಮ್ಮ ದೇಶದ ಕೊಡುಗೆಯೂ ಇದೆ. ಕರ್ನಾಟಕದಲ್ಲಿ ಹುಟ್ಟಿದ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ (1914–1999) ಸಸ್ಯರೋಗ ಶಾಸ್ತ್ರದಲ್ಲಿ ಪಳಗಿದವರು. 1954ರಲ್ಲಿ ಸ್ಥಾಪನೆಯಾದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿ, ಅವರೂ ಅವರ ಸಹೋದ್ಯೋಗಿಗಳೂ 1960ರ ದಶಕದಲ್ಲಿ ಸ್ಟ್ರೆಪ್ಟೋಮೈಸಿಸ್ ಗುಂಪಿನಿಂದಲೇ ಹ್ಯಾಮೈಸಿನ್ ಮತ್ತು ಆರಿಯೋಫಂಜಿನ್ ಎಂಬ ಔಷಧಗಳನ್ನು ಕಂಡುಹಿಡಿದರು. ಹ್ಯಾಮೈಸಿನ್ ಮನುಷ್ಯರ ಕ್ಯಾಂಡಿಡಾ ಸೋಂಕಿಗೆ, ಆರಿಯೋಫಂಜಿನ್ ಬೆಳೆಗಳ ಶಿಲೀಂಧ್ರ ರೋಗಗಳಿಗೆ ಬಳಕೆಗೆ ಬಂದವು. ಬೆಳೆಯ ರೋಗವನ್ನು ಓದಿದವರು ಮನುಷ್ಯರ ರೋಗಕ್ಕೂ ಔಷಧ ಕೊಟ್ಟರು. ಬ್ಯಾಕ್ಟೀರಿಯಾಕ್ಕೆ ಒಂದು ಔಷಧ, ಶಿಲೀಂಧ್ರಕ್ಕೆ ಇನ್ನೊಂದು. ಈ ಭೇದ ಮನುಷ್ಯ, ಪಶು, ಪೈರು ಮೂರಕ್ಕೂ ಒಂದೇ.

ಶುಂಠಿಯ ಮಡಿಯಲ್ಲೂ ಇದೇ ನಿಯಮ

ಈ ಭೇದವನ್ನು ಮರೆತು ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣದ ಕಡೆಯ ಶುಂಠಿ ತೋಟವೊಂದರಲ್ಲಿ ಗಿಡಗಳು ಬಾಡುತ್ತಿದ್ದವು. ಸಂಜೆಯಾಗಿತ್ತು, ಮಳೆ ಹನಿಯುತ್ತಿತ್ತು. ಬದುವಿನ ಮೇಲೆ ನಿಂತೇ ನೋಡಿ, ಬ್ಯಾಕ್ಟೀರಿಯಾದ ಬಾಡುರೋಗವೆಂದು ತಿಳಿದು ಆಂಟಿಬಯಾಟಿಕ್ ಸುರಿಯಲು ಹೇಳಿದೆ. ಒಂದು ದಂಟನ್ನು ಕಿತ್ತು ನೋಡಲಿಲ್ಲ. ವಾರ ಕಳೆದು ಹೋದಾಗ ರೋಗ ನಾಲ್ಕು ಮಡಿಯಿಂದ ಇಪ್ಪತ್ತು ಮಡಿಗೆ ಹರಡಿತ್ತು. ದಂಟು ಹಿಡಿದೆಳೆದರೆ ಬುಡದಲ್ಲಿ ಕೊಳೆತು ಸುಲಭವಾಗಿ ಕಿತ್ತುಬಂತು. ಅದು ಪಿಥಿಯಂನಿಂದ ಬರುವ ಗೆಡ್ಡೆ ಕೊಳೆ ರೋಗ. ಆ ರೈತರು ನನ್ನನ್ನು ಬೈಯಲಿಲ್ಲ. ಆದರೆ ಆ ವರ್ಷದ ನಷ್ಟದಲ್ಲಿ ನನ್ನ ಪಾಲೂ ಇದೆ.

ಪಿಥಿಯಂ ಯೀಸ್ಟ್ ಅಲ್ಲ, ಶಿಲೀಂಧ್ರದಂತೆ ಎಳೆಎಳೆಯಾಗಿ ಹಬ್ಬುವ ಬೇರೊಂದು ಜೀವಿ. ಆದರೂ ಅದಕ್ಕೂ ಸ್ಟ್ರೆಪ್ಟೋಮೈಸಿನ್ ಮದ್ದಲ್ಲ. ಪರೀಕ್ಷೆ ಸುಲಭ. ಬಾಡಿದ ದಂಟನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಬ್ಯಾಕ್ಟೀರಿಯಾ ರೋಗ. ಇಳಿಯದೆ, ಬುಡ ನೀರುಗಟ್ಟಿ ಮೆತ್ತಗಾಗಿದ್ದರೆ ಗೆಡ್ಡೆ ಕೊಳೆ. ಎರಡರಲ್ಲೂ ರೋಗದ ಬುಡವನ್ನು ಕಿತ್ತು ತೆಗೆಯುವುದು, ಬಸಿಗಾಲುವೆ, ರೋಗವಿಲ್ಲದ ಬಿತ್ತನೆ ಗೆಡ್ಡೆ ಮುಖ್ಯ.

ಮಣ್ಣಿನಲ್ಲಿ ಸ್ಯೂಡೊಮೊನಾಸ್, ಬ್ಯಾಸಿಲಸ್‌ನಂತಹ ಬ್ಯಾಕ್ಟೀರಿಯಾಗಳು ಬೇರಿನ ಸುತ್ತ ಇದ್ದು ಕೊಳೆ ರೋಗಾಣುಗಳನ್ನು ಅಡಗಿಸಿಡುತ್ತವೆ. ಸ್ಯೂಡೊಮೊನಾಸ್ ಪುಡಿ ಕೊಂಡು ಕೊಟ್ಟ ಮಡಿಗೇ ಆಂಟಿಬಯಾಟಿಕ್ ಸುರಿಯುವುದೆಂದರೆ ಬಲಗೈಯಲ್ಲಿ ಬಿತ್ತಿ ಎಡಗೈಯಲ್ಲಿ ಕಿತ್ತಂತೆ. ಸ್ಟ್ರೆಪ್ಟೋಮೈಸಿನ್ ಕ್ಷಯರೋಗಕ್ಕೆ ಬಳಸಿದ ಔಷಧವೂ ಹೌದು. ಹೊಲದಲ್ಲಿ ಮನಬಂದಂತೆ ಬಳಸಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟಿಕೊಳ್ಳುತ್ತವೆ. ಈ ಕಾರಣದಿಂದಲೇ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಬೆಳೆಗಳಲ್ಲಿ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಲ್ಲಿಸುವ ಕರಡು ಆದೇಶವನ್ನು ಪ್ರಕಟಿಸಿತು. ಹಳೆಯ ಕೈಪಿಡಿಗಳ ಶಿಫಾರಸ್ಸು ನಂಬಿ ಕೊಳ್ಳುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಪಾಠದ ಸಾರಾಂಶ

ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಯೀಸ್ಟನ್ನು ಕೊಲ್ಲುವುದಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಯೀಸ್ಟ್ ಹೆಚ್ಚುತ್ತದೆ. ಕೆಚ್ಚಲಿಗೆ ಅದು ಅಶುದ್ಧ ಕೈ ಮತ್ತು ಟ್ಯೂಬಿನ ಮೂಲಕ ಹೋಗುತ್ತದೆ. ಔಷಧ ಕೊಟ್ಟೂ ರೋಗ ಹೆಚ್ಚಿದರೆ "ಇದಕ್ಕಿಂತ ಪವರ್ ಇರುವುದು ಯಾವುದು?" ಎಂದು ಕೇಳಬೇಡಿ. "ಇದು ನಿಜವಾಗಿ ಯಾವ ರೋಗ?" ಎಂದು ಕೇಳಿ. ಹಸುವಿಗೆ ತೋರಿಸುವ ಕಾಳಜಿಯನ್ನು ಮನೆಯ ಹೆಂಗಸರ ಆರೋಗ್ಯಕ್ಕೂ ತೋರಿಸಿ.

ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಿಮ್ಮ ಕೊಟ್ಟಿಗೆಯ ಗೂಡಿನಲ್ಲಿ ಅರ್ಧ ಬಳಸಿ ಇಟ್ಟ ಟ್ಯೂಬ್ ಅಥವಾ ಇಂಜೆಕ್ಷನ್ ಸೀಸೆ ಇದೆಯೇ? ಇದ್ದರೆ ಅದನ್ನು ಮತ್ತೆ ಬಳಸುವುದರಿಂದ ಏನಾಗಬಹುದು?

2. ಕಳೆದ ಬಾರಿ ಟ್ಯೂಬ್ ಹಾಕಿದ ಮೇಲೆ ಎಷ್ಟು ದಿನ ಹಾಲನ್ನು ಡೈರಿಗೆ ಹಾಕದೆ ಬಿಟ್ಟಿರಿ?

3. ಹೆಪ್ಪು ಹಾಕಿದರೂ ಹಾಲು ಮೊಸರಾಗದಿದ್ದರೆ ಕಾರಣವೇನಿರಬಹುದು?

4. ಆಂಟಿಬಯಾಟಿಕ್ ಸೇವಿಸಿದ ನಂತರ ತುರಿಕೆ, ಬಿಳಿ ಸ್ರಾವ ಕಂಡರೆ ಅದೇ ಮಾತ್ರೆಯನ್ನು ಮತ್ತೆ ಏಕೆ ತೆಗೆದುಕೊಳ್ಳಬಾರದು?

ಈ ಪಾಠವನ್ನು ಮನೆಯಲ್ಲಿ ಹಸು ಕರೆಯುವವರಿಗೆ ತಪ್ಪದೆ ಓದಿ ಹೇಳಿ. ನಮ್ಮ ಹಳ್ಳಿಗಳಲ್ಲಿ ಆ ಕೆಲಸ ಮಾಡುವವರು ಬಹುಮಟ್ಟಿಗೆ ಹೆಂಗಸರೇ. ಪಾಠದ ಎರಡು ಭಾಗಗಳೂ ಅವರಿಗೆ ಬೇಕಾದವು.